ಅಭಿಮಾನಧನನ ಅಭಿಮಾನಿಗಳು

ಪುರಾಣಪುರುಷರು ಮರಳಿ ಬೆಳ್ಳಿತೆರೆಯನ್ನು ಏರುತ್ತಿರುವ ಕಾಲವಿದು. ೨೦೨೩ರ ಜೂನ್ ತಿಂಗಳಲ್ಲಿ ‘ಆದಿಪುರುಷ್’ ಚಿತ್ರ ತೆರೆಕಂಡಾಗ ಪ್ರತಿಯೊಂದು ಚಿತ್ರಮಂದಿರದಲ್ಲಿಯೂ ಹನುಮಂತನಿಗೆಂದು ಒಂದು ಆಸನವನ್ನು ಕಾದಿರಿಸಬೇಕೆಂದು ಅದನ್ನು ತಯಾರಿಸಿದವರು ಸಾರಿದರು. ಕೆಲವೇ ದಿನಗಳೊಳಗೆ, ಅದೇ ಹನುಮಂತನ ಬಾಯಿಂದ ಬೀದಿಯ ಮಾತನ್ನು ಆಡಿಸಿದರೆಂದು ಪ್ರೇಕ್ಷಕರು ಕೆರಳಿ, ಸಂಭಾಷಣೆಯನ್ನೇ ತಿದ್ದಬೇಕಾಗಿ ಬಂದಿತು. ೨೦೨೫ರ ಜುಲೈಯಲ್ಲಿ ಕನ್ನಡನಾಡಿನದೇ ಆದ ಹೊಂಬಾಳೆ ಸಂಸ್ಥೆ ಅರ್ಪಿಸಿದ ‘ಮಹಾವತಾರ ನರಸಿಂಹ’ ಎಂಬ ಅನಿಮೇಷನ್ ಚಿತ್ರವನ್ನು ನೋಡಲು ಬಂದವರು ಭಜನೆ ಮಾಡಿ ಚಿತ್ರಮಂದಿರವನ್ನು ದೇವಮಂದಿರವಾಗಿಸಿದರು. ಅದೇ ತಿಂಗಳಲ್ಲಿ ಹಿಂದಿಯ ‘ರಾಮಾಯಣ’ ಚಿತ್ರದ ಪರಿಚಯದ ತುಣುಕು ಹೊರಬಿದ್ದಿತು. ಮೈಸೂರಿನಲ್ಲಿ ಬೆಳೆದ ನಟ ಯಶ್ ಅವರಿಗೆ ಅದರಲ್ಲಿ ರಾವಣನ ಪಾತ್ರವೆಂದೊಡನೆ, ರಾಮನಿಗಿಂತ ರಾವಣನಿಗೇ ನಮ್ಮ ಕಡೆ ಜಯಕಾರ ಮೊದಲಾಯಿತು.

ಹಳೆಯ ಕಾವ್ಯವೊಂದು ಚಲಚ್ಚಿತ್ರವಾದಾಗ ಅಭಿಮಾನಿಗಳು ಮೆಚ್ಚುವುದು ಏನನ್ನು, ಮುನಿಯುವುದು ಏತಕ್ಕೆ ಎಂಬ ಪ್ರಶ್ನೆಯನ್ನು ನಾವು ಹಗುರವಾಗಿ ತಳ್ಳಿಹಾಕುವಂತಿಲ್ಲ. ಸೀಟಿ ಹಾಕುವವರ ಕೂಗಾಟವೆಂದು ವಿದ್ವಾಂಸರು ಮುಖ ತಿರುಗಿಸಬಹುದು. ಆದರೆ ನಮ್ಮ ಮಹಾಕಾವ್ಯಗಳ ಹೆಸರು ಇಂದು ಸಾವಿರಾರು ಕಿವಿಗಳಿಗೆ ತಲುಪುತ್ತಿರುವುದು ಆ ಕೂಗಾಟದ ನಡುವೆಯೇ ಎಂಬುದನ್ನು ಮರೆತರೆ ನಷ್ಟ ನಮ್ಮದು. ಈ ವಿಚಾರವನ್ನು ಕನ್ನಡದ ಒಂದು ಉದಾಹರಣೆಯ ಮೂಲಕ ಪರಿಶೀಲಿಸುವುದು ಯುಕ್ತ. ೨೦೧೯ರಲ್ಲಿ ಬಂದ ‘ಕುರುಕ್ಷೇತ್ರ’ವೇ ಆ ಉದಾಹರಣೆ.

ಆ ಚಿತ್ರ ತೆರೆಕಂಡದ್ದು ೨೦೧೯ರ ಆಗಸ್ಟ್ ೯ರಂದು. ನಿರ್ಮಾಪಕರು ಮುನಿರತ್ನ, ನಿರ್ದೇಶಕರು ನಾಗಣ್ಣ, ಬರವಣಿಗೆ ಜೆ. ಕೆ. ಭಾರವಿ, ಸಂಗೀತ ವಿ. ಹರಿಕೃಷ್ಣ. ದುರ್ಯೋಧನನಾಗಿ ದರ್ಶನ್, ಕರ್ಣನಾಗಿ ಅರ್ಜುನ್ ಸರ್ಜಾ, ಕೃಷ್ಣನಾಗಿ ರವಿಚಂದ್ರನ್, ಭೀಷ್ಮನಾಗಿ ಅಂಬರೀಷ್, ಅಭಿಮನ್ಯುವಾಗಿ ನಿಖಿಲ್ ಕುಮಾರಸ್ವಾಮಿ ಅಭಿನಯಿಸಿದ್ದರು. ಅದು ದರ್ಶನ್ ಅವರ ಐವತ್ತನೆಯ ಚಿತ್ರವೆಂದು ಪ್ರಚಾರವಾಗಿತ್ತು. ಮೂರು ಆಯಾಮದ ರೂಪದಲ್ಲಿಯೂ ಅದನ್ನು ತೋರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ ಕನ್ನಡ ಅಧ್ಯಾಪಕನ ಕಿವಿಯನ್ನು ನಿಮಿರಿಸಿದ ಸಂಗತಿಯೆಂದರೆ, ಕಥೆಗೆ ಆಧಾರ ರನ್ನನ ‘ಗದಾಯುದ್ಧ’ವೆಂದು ಅವರು ಹೇಳಿಕೊಂಡದ್ದು. ಸಾವಿರ ವರ್ಷದ ಹಿಂದಿನ ಕನ್ನಡ ಕವಿಯೊಬ್ಬನ ಹೆಸರು ಚಲಚ್ಚಿತ್ರದ ಪ್ರಚಾರದೊಡನೆ ಊರೂರಿಗೆ ಹೋಗುವುದು ದಿನನಿತ್ಯದ ಮಾತಲ್ಲ.

ಅವು ಮಹಾಮಳೆಯ ದಿನಗಳು. ಕಬಿನಿ ಜಲಾಶಯದ ಬಾಗಿಲುಗಳು ತೆರೆದು, ಕೆಳಗಡೆ ಕಪಿಲೆ ಉಕ್ಕಿ ಹರಿದು, ನಂಜನಗೂಡಿನ ಬಳಿ ಮೈಸೂರಿನ ಹೆದ್ದಾರಿಯ ಮೇಲೆಯೇ ನೀರು ನಿಂತಿತ್ತು. ಹೆಗ್ಗಡದೇವನಕೋಟೆಯ ಕಡೆ ಹಳ್ಳಕೊಳ್ಳಗಳು ತುಂಬಿ ಗದ್ದೆಯಾವುದು ಹೊಳೆಯಾವುದು ತಿಳಿಯದಂತಾಗಿತ್ತು. ಅಂಥ ಮಳೆಯಲ್ಲಿಯೂ ನಮ್ಮ ಭಾಗದ ಹುಡುಗರು ಸುಮಾರು ಐವತ್ತು ಕಿಲೋಮೀಟರು ದೂರದ ಮೈಸೂರಿಗೆ ಹೋಗಿ ಚಿತ್ರ ನೋಡಿ ಬಂದರು. ಬಂದವರು ವಾರಗಟ್ಟಲೆ ಅದನ್ನೇ ಆಡಿದರು. ಬಸ್ ನಿಲ್ದಾಣದಲ್ಲಿ, ಚಹಾದ ಅಂಗಡಿಯಲ್ಲಿ, ಕಾಲೇಜಿನ ಜಗುಲಿಯ ಮೇಲೆ ಮಹಾಭಾರತ ಪುನಃ ನಡೆಯಿತು.

ಆದರೆ ಆ ಚರ್ಚೆ ಯಾವುದರ ಮೇಲೆ? ದುರ್ಯೋಧನನ ಪ್ರವೇಶ ಎಷ್ಟು ಭರ್ಜರಿಯಾಗಿತ್ತು, ಕಿರೀಟ ಯಾರಿಗೆ ಒಪ್ಪಿತು, ಯಾವ ನಟನಿಗೆ ಎಷ್ಟು ನಿಮಿಷ ದೊರೆಯಿತು, ಪ್ರಚಾರದ ಹಾಳೆಯಲ್ಲಿ ಯಾರ ಚಿತ್ರ ದೊಡ್ಡದು, ಯಾರದು ಸಣ್ಣದು, ಯುದ್ಧದ ಗ್ರಾಫಿಕ್ಸು ಪರಭಾಷೆಯ ಚಿತ್ರಗಳಿಗೆ ಸರಿಗಟ್ಟಿತೇ ಇಲ್ಲವೇ ಎಂಬುದರ ಮೇಲೆ. ೨೦೧೮ರ ನವೆಂಬರಿನಲ್ಲಿಯೇ ಅಂಬರೀಷ್ ತೀರಿಕೊಂಡಿದ್ದರಾಗಿ, ಅವರ ಭೀಷ್ಮನನ್ನು ನೋಡಿದವರು ಸಹಜವಾಗಿ ಕಣ್ಣೊರೆಸಿಕೊಂಡರು. ಇವುಗಳ ಮೇಲೆ ಮತ್ತೊಂದು ಬಣ್ಣವೂ ಸೇರಿತ್ತು. ಅದೇ ವರ್ಷದ ಬೇಸಗೆಯಲ್ಲಿ ಮಂಡ್ಯದ ಲೋಕಸಭಾ ಚುನಾವಣೆ ನಡೆದು, ನಿಖಿಲ್ ಅವರು ಅಭ್ಯರ್ಥಿಯಾಗಿ ಸೋತಿದ್ದರು. ಗೆದ್ದ ಸುಮಲತಾ ಅವರ ಪರವಾಗಿ ದರ್ಶನ್ ಊರೂರು ತಿರುಗಿ ಮತ ಕೇಳಿದ್ದರು. ಕೃಷ್ಣರಾಜನಗರವೂ ಆ ಲೋಕಸಭಾ ಕ್ಷೇತ್ರಕ್ಕೆ ಸೇರಿದ್ದಾದ್ದರಿಂದ ಆ ಚುನಾವಣೆಯ ಬಿಸಿ ನಮ್ಮ ಸೀಮೆಗೂ ತಟ್ಟಿತ್ತು. ಮೂರು ತಿಂಗಳು ಕಳೆಯುವುದರೊಳಗೆ ತೆರೆಯ ಮೇಲೆ ಒಬ್ಬರು ದುರ್ಯೋಧನ, ಇನ್ನೊಬ್ಬರು ಅಭಿಮನ್ಯು! ಪದ್ಮವ್ಯೂಹದ ದೃಶ್ಯವನ್ನು ಎಷ್ಟೋ ಜನ ವ್ಯಾಸರ ಕಣ್ಣಿನಿಂದಲೂ ನೋಡಲಿಲ್ಲ, ರನ್ನನ ಕಣ್ಣಿನಿಂದಲೂ ನೋಡಲಿಲ್ಲ. ಮತಪೆಟ್ಟಿಗೆಯ ಕಂಡಿಯಿಂದ ನೋಡಿದರು.

ಇಷ್ಟನ್ನು ಹೇಳಿ, ಅಭಿಮಾನಿಗಳು ಮೂಢರೆಂದು ತೀರ್ಪು ಕೊಟ್ಟು ಕೈತೊಳೆದುಕೊಳ್ಳುವುದು ಸುಲಭ. ಆದರೆ ರನ್ನನ ಕಾವ್ಯದ ಹುಟ್ಟನ್ನೇ ನೆನೆದರೆ ಆ ಅವಸರ ತಗ್ಗುತ್ತದೆ.

ರನ್ನನು ಮುದುವೊಳಲಿನವನು, ಎಂದರೆ ಇಂದಿನ ಮುಧೋಳದವನು. ಬಳೆಗಾರರ ಮನೆಯಲ್ಲಿ ಹುಟ್ಟಿ ಚಾಳುಕ್ಯರ ಆಸ್ಥಾನದಲ್ಲಿ ಕವಿಚಕ್ರವರ್ತಿಯೆನಿಸಿದವನು. ‘ಗದಾಯುದ್ಧ’ಕ್ಕೆ ಅವನಿಟ್ಟ ಇನ್ನೊಂದು ಹೆಸರು ‘ಸಾಹಸಭೀಮವಿಜಯ’. ಸಾಹಸಭೀಮನೆಂಬುದು ಅವನ ಪೋಷಕನಾದ ಇರಿವಬೆಡಂಗ ಸತ್ಯಾಶ್ರಯನ ಬಿರುದು. ಸತ್ಯಾಶ್ರಯನನ್ನು ಭೀಮನೊಡನೆ ಒಂದಾಗಿಸಿ ಹೊಗಳುವುದೇ ಕಾವ್ಯದ ಘೋಷಿತ ಉದ್ದೇಶ. ಅದಕ್ಕೆ ಅರ್ಧ ಶತಮಾನ ಮುಂಚೆ, ೯೪೧ರಲ್ಲಿ, ಪಂಪನೂ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಹೀಗೆಯೇ ಬೆಸೆದಿದ್ದನು. ಆದುದರಿಂದ ಪೋಷಕನ ಮುಖವನ್ನು ಕಥಾನಾಯಕನ ಮುಖಕ್ಕೆ ಅಂಟಿಸುವ ಕೆಲಸ ಇಂದಿನ ಚಿತ್ರೋದ್ಯಮದ ಸೃಷ್ಟಿಯೇನಲ್ಲ. ಅಂದು ಅನ್ನವಿಟ್ಟವನು ಅರಸ. ಇಂದು ಅನ್ನವಿಡುವವನು ಟಿಕೆಟ್ಟು ಕೊಳ್ಳುವ ಅಭಿಮಾನಿ. ಡಾ. ರಾಜ್‌ಕುಮಾರ್ ಅವರು ತಮ್ಮ ಪ್ರೇಕ್ಷಕರನ್ನು ಅಭಿಮಾನಿ ದೇವರುಗಳೆಂದು ಕರೆದುದರಲ್ಲಿ ವಿನಯ ಎಷ್ಟಿತ್ತೋ ಅಷ್ಟೇ ಸತ್ಯವೂ ಇತ್ತು.

ಹೀಗಿದ್ದರೂ ರನ್ನನು ಮಾಡಿದ ಅದ್ಭುತ ಬೇರೊಂದಿದೆ. ಪಟ್ಟವನ್ನು ಅವನು ಭೀಮನಿಗೆ ಕಟ್ಟಿದನು; ಹೃದಯವನ್ನು ಮಾತ್ರ ದುರ್ಯೋಧನನಿಗೆ ಕೊಟ್ಟನು. ಅರಸನ ಅನ್ನವನ್ನು ಉಂಡು, ಅರಸನ ಪ್ರತಿಬಿಂಬವಾದ ಭೀಮನ ಕಡುವೈರಿಗಾಗಿ ಕಣ್ಣೀರು ಸುರಿಸಿದ ಕವಿಯ ಸ್ವಾತಂತ್ರ್ಯ ಎಂಥದು! ಈ ಕಾವ್ಯದ ನಾಯಕ ಭೀಮನೋ ದುರ್ಯೋಧನನೋ ಎಂದು ನಮ್ಮ ವಿಮರ್ಶಕರು ದಶಕಗಳ ಕಾಲ ವಾದಿಸಿದುದಕ್ಕೆ ಇದೇ ಕಾರಣ. ಬಿ. ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿಯೇ ಈ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿ ಮಾರ್ಪಡಿಸಿದಾಗ ಅವರ ಕಣ್ಣು ನೆಟ್ಟಿದ್ದುದು ದುರಂತನಾಯಕನಾದ ಕೌರವನ ಮೇಲೆ.

ಹಾಗಾದರೆ ದುರ್ಯೋಧನನ ಮೇಲೆ ಅಭಿಮಾನವಿಟ್ಟ ಚಿತ್ರದ ಪ್ರೇಕ್ಷಕನೂ ರನ್ನನ ದಾರಿಯಲ್ಲಿಯೇ ನಡೆದನಲ್ಲವೆ ಎಂದು ಕೇಳಬಹುದು. ಅರ್ಧದಾರಿ ನಡೆದನೆಂದು ಹೇಳಬೇಕು. ಮುಂದಿನ ಅರ್ಧವೇ ಕಠಿನವಾದುದು.

ರನ್ನನು ಕಥೆಯನ್ನು ಎತ್ತಿಕೊಳ್ಳುವುದು ಯುದ್ಧದ ಕೊನೆಯ ದಿನದಲ್ಲಿ. ಹಿಂದೆ ನಡೆದುದೆಲ್ಲವನ್ನೂ ಅವನು ಸಿಂಹಾವಲೋಕನ ಕ್ರಮದಿಂದ ಅಲ್ಲಲ್ಲಿ ನೆನಪಿಸುತ್ತಾನೆ. ಸಭೆಯ ವೈಭವ, ಜೂಜಿನ ಗೆಲುವು, ಹನ್ನೊಂದು ಅಕ್ಷೋಹಿಣಿಯ ದರ್ಪ ಎಲ್ಲವೂ ಆಗ ಕಳೆದುಹೋದ ಮಾತು. ಸಂಜಯನೊಬ್ಬನ ಜೊತೆಯಲ್ಲಿ ದುರ್ಯೋಧನನು ರಣರಂಗದ ಹೆಣಗಳ ನಡುವೆ ನಡೆಯುತ್ತಾನೆ. ಬಿಲ್ಲ ಗುರು ದ್ರೋಣ, ಮಗ ಲಕ್ಷಣಕುಮಾರ, ತಮ್ಮ ದುಶ್ಶಾಸನ, ಗೆಳೆಯ ಕರ್ಣ ಒಬ್ಬೊಬ್ಬರೂ ಅವನ ಕಾಲಬಳಿ ಬಿದ್ದಿದ್ದಾರೆ. ಒಂದೊಂದು ದೇಹದ ಮುಂದೆಯೂ ಅವನು ನಿಲ್ಲುತ್ತಾನೆ, ಅಳುತ್ತಾನೆ, ತನ್ನನ್ನು ತಾನೇ ಹಳಿದುಕೊಳ್ಳುತ್ತಾನೆ. ಮಗನು ತಂದೆಗೆ ಮಾಡಬೇಕಾದ ಕರ್ಮವನ್ನು ತಂದೆ ಮಗನಿಗೆ ಮಾಡಬೇಕಾಗಿ ಬಂದ ವಿಪರೀತವನ್ನು ನೆನೆದು ಕೊರಗುತ್ತಾನೆ. ಕೌರವೇಶ್ವರನು ಮನುಷ್ಯನಾಗುವುದು ಇಲ್ಲಿ. ಅವನ ಛಲ ನಮಗೆ ಹಿರಿದಾಗಿ ಕಾಣುವುದು ಅದಕ್ಕೆ ತೆತ್ತ ಬೆಲೆಯನ್ನೆಲ್ಲ ಕವಿ ನಮ್ಮ ಮುಂದೆ ಎಣಿಸಿ ತೋರಿಸಿದ ಮೇಲೆ.

ಚಿತ್ರವಾದರೋ ಕಥೆಯನ್ನು ವೈಭವದ ಕಾಲದಿಂದ ಮೊದಲುಮಾಡಿ, ಜೂಜು, ಸಂಧಾನ, ಯುದ್ಧಗಳನ್ನು ದಾಟಿ, ಮೂರು ಗಂಟೆಯ ತರುವಾಯ ಗದಾಯುದ್ಧವನ್ನು ಮುಟ್ಟುತ್ತದೆ. ದೃಶ್ಯಮಾಧ್ಯಮಕ್ಕೆ ವೈಭವ ಒಲಿಯುವುದು ಸಹಜ, ಅದನ್ನು ತಪ್ಪೆನ್ನಲಾಗದು. ಆದರೆ ಗೆಲುವಿನಿಂದ ಆರಂಭಿಸಿದ ಕಥೆಯಲ್ಲಿ ಪ್ರೇಕ್ಷಕನು ಮೊದಲು ಜಯಕಾರವನ್ನೇ ಕಲಿಯುತ್ತಾನೆ. ಸೋಲು ಬಂದಾಗ ಏನು ಮಾಡಬೇಕೆಂದು ಅವನಿಗೆ ತೋರುವುದಿಲ್ಲ. ತೊಡೆ ಮುರಿಯುವ ಹೊತ್ತಿಗೆ ಎದ್ದು ಹೊರಟುಬಿಟ್ಟೆನೆಂದು ವಿದ್ಯಾರ್ಥಿಯೊಬ್ಬನು ನನ್ನೊಡನೆ ಹೇಳಿದನು. “ನಮ್ಮ ಬಾಸ್ ಬೀಳೋದನ್ನ ನೋಡೋಕಾಗಲ್ಲ ಸಾರ್” ಎಂದನು. ಆ ಮಾತಿನಲ್ಲಿ ಪ್ರೀತಿ ಉಂಟು, ಸಂದೇಹವಿಲ್ಲ. ಆದರೆ ಅವನು ತಪ್ಪಿಸಿಕೊಂಡು ಬಂದದ್ದು ರನ್ನನ ಕಾವ್ಯದ ಮರ್ಮವನ್ನೇ. ಬೀಳುವವನು ಪಾತ್ರವೆಂಬುದು ಮರೆತು, ಬೀಳುವವನು ನಟನೆಂದು ಬಗೆದಾಗ, ಕರುಣರಸಕ್ಕೆ ದೊರೆಯಬೇಕಾದ ಎಡೆಯನ್ನು ಅವಮಾನ ಆಕ್ರಮಿಸಿಕೊಳ್ಳುತ್ತದೆ. (ಆ ನಟರ ಮೇಲೆ ೨೦೨೪ರಲ್ಲಿ ಬಂದ ಆಪಾದನೆ ನ್ಯಾಯಾಲಯಕ್ಕೆ ಸೇರಿದ ವಿಷಯ, ಇಲ್ಲಿನ ಮಾತು ತೆರೆಯ ಮೇಲಿನ ದುರ್ಯೋಧನನಿಗೆ ಮಾತ್ರ ಸಂಬಂಧಿಸಿದ್ದು.)

ನಮ್ಮ ಸೀಮೆಯ ಜನಕ್ಕೆ ಪಾತ್ರವನ್ನೂ ಪಾತ್ರಧಾರಿಯನ್ನೂ ಬೇರೆ ಬೇರೆಯಾಗಿ ಕಾಣುವ ವಿವೇಕ ಎಂದೂ ಇರಲಿಲ್ಲವೆ? ಇತ್ತು, ಇಂದಿಗೂ ಇದೆ. ಹೆಗ್ಗಡದೇವನಕೋಟೆ, ಹುಣಸೂರು, ಪಿರಿಯಾಪಟ್ಟಣಗಳ ಯಾವ ಹಳ್ಳಿಗೆ ಹೋದರೂ ‘ಕುರುಕ್ಷೇತ್ರ’ ನಾಟಕವಾಡದ ಊರು ಅಪರೂಪ. ಬಿ. ಪುಟ್ಟಸ್ವಾಮಯ್ಯನವರು ಗುಬ್ಬಿ ಕಂಪನಿಗಾಗಿ ಬರೆದ ‘ಕುರುಕ್ಷೇತ್ರ’ ೧೯೩೦ರ ದಶಕದಲ್ಲಿ ಆನೆ ಕುದುರೆಗಳೊಡನೆ ರಂಗವೇರಿ ನಾಡನ್ನೆಲ್ಲ ಬೆರಗುಗೊಳಿಸಿತು. ಆ ಮೋಹ ಹಳ್ಳಿಗಳಲ್ಲಿ ಇನ್ನೂ ಆರಿಲ್ಲ. ಸುಗ್ಗಿ ಮುಗಿದ ಮೇಲೆ ಹಾರ್ಮೋನಿಯಂ ಮೇಷ್ಟರನ್ನು ಕರೆಸಿ, ತಿಂಗಳುಗಟ್ಟಲೆ ಕಂದಪದ್ಯಗಳನ್ನು ಬಾಯಿಪಾಠ ಮಾಡಿ, ಪಾತ್ರಕ್ಕಿಷ್ಟೆಂದು ಕೈಯಿಂದ ಹಣ ಹಾಕಿ ರೈತರೇ ಆಡುತ್ತಾರೆ. ದುರ್ಯೋಧನನ ಪಾತ್ರಕ್ಕೆ ಪೈಪೋಟಿ ಹೆಚ್ಚು, ಹಣವೂ ಹೆಚ್ಚು. ರಂಗದ ಮೇಲೆ ನೋಟಿನ ಹಾರ ಬೀಳುತ್ತದೆ, ‘ಒನ್ಸ್ ಮೋರ್’ ಕೂಗು ಏಳುತ್ತದೆ, ನೆಂಟರಿಷ್ಟರು ಸೀಟಿ ಹೊಡೆಯುತ್ತಾರೆ. ಅಭಿಮಾನಿಗಳ ಗದ್ದಲದಲ್ಲಿ ಚಿತ್ರಮಂದಿರಕ್ಕೂ ಹಳ್ಳಿಯ ಚಪ್ಪರಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ.

ಭೇದವಿರುವುದು ಬೆಳಗಿನ ಜಾವದಲ್ಲಿ. ಮೂಡಲಲ್ಲಿ ಬೆಳಕು ಹರಿಯುವ ಹೊತ್ತಿಗೆ ದುರ್ಯೋಧನ ಬೀಳುತ್ತಾನೆ. ಬಿದ್ದವನು ತಮ್ಮವನೇ ಎಂದು ಅವನ ಮನೆಯವರು ಎದ್ದುಹೋಗುವುದಿಲ್ಲ; ಚೆನ್ನಾಗಿ ಬಿದ್ದನೆಂದು ಮೆಚ್ಚುತ್ತಾರೆ. ಈ ವರ್ಷ ದುರ್ಯೋಧನನಾದವನು ಮುಂದಿನ ವರ್ಷ ಭೀಮನಾಗಬಹುದು, ಅಣ್ಣ ಕೃಷ್ಣನಾಗಿ ತಮ್ಮ ಶಕುನಿಯಾಗಬಹುದು. ಪಾತ್ರ ಕೈಯಿಂದ ಕೈಗೆ ಹೋಗುವುದರಿಂದ ಅದು ಯಾರ ಸ್ವತ್ತೂ ಅಲ್ಲ, ಇಡೀ ಊರಿನ ಸ್ವತ್ತು. ಬಣ್ಣ ತೊಳೆದ ಕೌರವನು ಹೊಲಕ್ಕೆ ಹೋಗುವಾಗ ಅವನನ್ನು ಯಾರೂ ದೊರೆಯೆಂದು ಕರೆಯುವುದಿಲ್ಲ. ಈ ಪರಿಪಾಕ ನಮ್ಮ ಹಳ್ಳಿಗರಿಗೆ ಯಾವ ಅಲಂಕಾರಶಾಸ್ತ್ರದಿಂದಲೂ ಬಂದುದಲ್ಲ, ನಾಟಕವಾಡಿಯೇ ಬಂದುದು.

ಚಲಚ್ಚಿತ್ರಕ್ಕೆ ಈ ಪರಿಪಾಕ ಒಲ್ಲದು ಎಂದೇನೂ ಅಲ್ಲ. ನಮ್ಮ ನೆರೆಯ ಹುಣಸೂರಿನ ಹೆಸರನ್ನೇ ತಮ್ಮ ಹೆಸರಿನೊಡನೆ ಹೊತ್ತ ಹುಣಸೂರು ಕೃಷ್ಣಮೂರ್ತಿಯವರು ೧೯೬೫ರಲ್ಲಿ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದರು. ಅದರ ಹಿಂದೆ ರಾಘವಾಂಕನ ‘ಹರಿಶ್ಚಂದ್ರ ಕಾವ್ಯ’ವಿತ್ತು. ರಾಜ್‌ಕುಮಾರ್ ಅವರ ಕೀರ್ತಿ ಏರುತ್ತಿದ್ದ ಕಾಲವದು. ಅಂಥ ನಟನು ರಾಜ್ಯವನ್ನು ಕಳೆದುಕೊಂಡು, ಮಡದಿ ಮಗನನ್ನು ಮಾರಿ, ತಾನೇ ವೀರಬಾಹುವಿನ ಆಳಾಗಿ, ಸುಡುಗಾಡು ಕಾಯುವುದನ್ನು ಅಭಿಮಾನಿಗಳು ನೋಡಿದರು. ನಮ್ಮವನನ್ನು ಇಷ್ಟು ಕೀಳಾಗಿ ತೋರಿಸಿದಿರೆಂದು ಅವರು ಜಗಳಕ್ಕೆ ನಿಲ್ಲಲಿಲ್ಲ. ಅತ್ತರು, ಮತ್ತೆ ಹೋಗಿ ನೋಡಿದರು. ನಾಲ್ಕು ದಶಕಗಳ ಮೇಲೆ, ೨೦೦೮ರಲ್ಲಿ, ಬಣ್ಣ ತುಂಬಿದ ರೂಪದಲ್ಲಿ ಅದೇ ಚಿತ್ರ ಪುನಃ ತೆರೆಕಂಡಾಗಲೂ ಹೋಗಿ ನೋಡಿದರು. ೧೯೭೭ರಲ್ಲಿ ಅದೇ ನಿರ್ದೇಶಕರ ‘ಬಭ್ರುವಾಹನ’ ಬಂದಿತು. ಅಲ್ಲಿ ಅರ್ಜುನನೂ ರಾಜ್‌ಕುಮಾರ್, ಅವನ ಮೇಲೆ ಬಿಲ್ಲೆತ್ತುವ ಮಗ ಬಭ್ರುವಾಹನನೂ ರಾಜ್‌ಕುಮಾರ್. ಅಭಿಮಾನಿ ಯಾರ ಪಕ್ಷ ಹಿಡಿಯಬೇಕು? ಗೆಲ್ಲುವವನೂ ತನ್ನವನೇ, ಬೀಳುವವನೂ ತನ್ನವನೇ. ಪಕ್ಷ ಹಿಡಿಯುವ ದಾರಿ ಮುಚ್ಚಿದಾಗ ಪ್ರೇಕ್ಷಕನು ಅನಿವಾರ್ಯವಾಗಿ ಮಾತಿಗೆ ಕಿವಿಗೊಟ್ಟನು. ತಂದೆಮಕ್ಕಳ ಆ ವಾಗ್ವಾದ ಈಗಲೂ ಜನರ ಬಾಯಲ್ಲಿ ಉಳಿದಿರುವುದಕ್ಕೆ ಇದೂ ಒಂದು ಕಾರಣವೆಂದು ನನ್ನ ಭಾವನೆ.

ಇನ್ನು ‘ಅಭಿಮಾನಿ’ ಎಂಬ ಶಬ್ದವನ್ನೇ ಸ್ವಲ್ಪ ಆಲೋಚಿಸೋಣ. ಹಳೆಯ ಕಾವ್ಯಗಳಲ್ಲಿ ಅಭಿಮಾನವೆಂದರೆ ಆತ್ಮಗೌರವ. ಅಭಿಮಾನವೇ ಧನವಾಗಿ ಉಳ್ಳವನು ಅಭಿಮಾನಧನ. ದುರ್ಯೋಧನನಿಗೆ ಅದು ಒಪ್ಪುವ ಮಾತು. ತನ್ನ ಮಾನವನ್ನು ತಾನೇ ಹೊತ್ತು, ಅದಕ್ಕಾಗಿ ಎಲ್ಲವನ್ನೂ ತೆರಲು ಸಿದ್ಧನಾದವನು ಅಭಿಮಾನಿ. ಇಂದಿನ ಬಳಕೆಯಲ್ಲಿ ಅಭಿಮಾನಿಯೆಂದರೆ ತನ್ನ ಮಾನವನ್ನು ಇನ್ನೊಬ್ಬರ ಕೈಯಲ್ಲಿ ಒತ್ತೆಯಿಟ್ಟವನು. ಅವರು ಗೆದ್ದರೆ ಇವನು ಗೆದ್ದಂತೆ, ಅವರು ಬಿದ್ದರೆ ಇವನು ಬಿದ್ದಂತೆ. ಶಬ್ದ ಅದೇ, ಅರ್ಥ ತಲೆಕೆಳಗಾಗಿದೆ. ಇದನ್ನು ಬರಿಯ ಭಾಷಾಶಾಸ್ತ್ರದ ಕುತೂಹಲವೆನ್ನಲಾರೆ. ಕೆಲಸ ದೊರೆಯದೆ, ಬೆಳೆ ಕೈಗೆ ಹತ್ತದೆ, ಊರಿನಲ್ಲಿ ತನ್ನ ಮಾತಿಗೆ ಬೆಲೆಯಿಲ್ಲದೆ ಕುಳಿತ ಯುವಕನಿಗೆ ಸ್ವಂತದ ಅಭಿಮಾನಕ್ಕೆ ಆಸರೆಯೇ ಸಿಕ್ಕದಿದ್ದಾಗ, ಹೊಳೆಯುವ ಕಿರೀಟವೊಂದರಲ್ಲಿ ಅದನ್ನು ಬಚ್ಚಿಡುತ್ತಾನೆ. ಅವನನ್ನು ನಗುವುದಕ್ಕಿಂತ ಅವನ ಒತ್ತೆಯನ್ನು ಬಿಡಿಸಿಕೊಡುವ ಉಪಾಯ ಹುಡುಕುವುದು ಅಧ್ಯಾಪಕರಿಗೆ ಒಪ್ಪುವ ಕೆಲಸ.

ಆ ಉಪಾಯ ರನ್ನನಲ್ಲಿಯೇ ಇದೆಯೆಂದು ನಾನು ನಂಬಿದ್ದೇನೆ. ಹೆಣಗಳ ನಡುವೆ ನಡೆಯುವ ದುರ್ಯೋಧನನು ತನ್ನವರ ಮುಂದೆ ಮಾತ್ರ ನಿಲ್ಲುವುದಿಲ್ಲ. ಅಭಿಮನ್ಯುವಿನ ಮುಂದೆಯೂ ನಿಲ್ಲುತ್ತಾನೆ. ಹಗೆಯ ಮಗ, ತನ್ನ ಸೇನೆಯನ್ನು ತತ್ತರಿಸುವಂತೆ ಮಾಡಿದ ಬಾಲಕ, ತನ್ನವರೇ ಸುತ್ತುವರಿದು ಕೊಂದವನು. ಅವನ ಮುಂದೆ ಕೌರವೇಶ್ವರ ಕೈಮುಗಿಯುತ್ತಾನೆ. ಅವನ ತಾಯಿಯನ್ನು ವೀರಮಾತೆಯೆಂದು ಕೊಂಡಾಡುತ್ತಾನೆ. ಇವನ ಸಾಹಸದ ಒಂದು ಅಂಶವಾದರೂ ತನ್ನ ಸಾವಿಗೆ ಒದಗಲೆಂದು ಬೇಡಿಕೊಳ್ಳುತ್ತಾನೆ. ಎಲ್ಲವನ್ನೂ ಕಳೆದುಕೊಂಡ ಮೇಲೂ ಎದುರಾಳಿಯ ಹಿರಿಮೆಯನ್ನು ಒಪ್ಪುವಷ್ಟು ಅಭಿಮಾನ ಅವನಲ್ಲಿ ಉಳಿದಿತ್ತು. ೨೦೧೯ರ ಮಂಡ್ಯದ ಲೆಕ್ಕಾಚಾರದಲ್ಲಿ ಆ ಎರಡು ಪಾತ್ರಗಳನ್ನು ನೋಡಿದವರಿಗೆ ಸಾವಿರ ವರ್ಷದ ಹಿಂದಿನ ಈ ಕವಿ ಕೊಡಬಹುದಾಗಿದ್ದ ಉತ್ತರ ಇದು. ದುರ್ಯೋಧನನ ನಿಜವಾದ ಅಭಿಮಾನಿ ಅಭಿಮನ್ಯುವಿಗೆ ಕೈಮುಗಿಯದೆ ಇರಲಾರ.

ತರಗತಿಯಲ್ಲಿ ಈ ಭಾಗವನ್ನು ಓದಿದಾಗ ಹಿಂದಿನ ಬೆಂಚಿನ ಗದ್ದಲ ತಾನಾಗಿ ನಿಲ್ಲುವುದನ್ನು ನಾನು ಕಂಡಿದ್ದೇನೆ. ಹಳಗನ್ನಡವೆಂದರೆ ಪರೀಕ್ಷೆಗೆ ಮಾತ್ರ ಎಂದು ತಿಳಿದಿದ್ದವರು, ಆ ಚಿತ್ರ ನೋಡಿದ್ದರಿಂದಲೇ, “ಆಮೇಲೆ ಕರ್ಣನ ಮುಂದೆ ಏನು ಹೇಳ್ತಾನೆ ಸಾರ್?” ಎಂದು ಕೇಳಿದರು. ಈ ಪ್ರಶ್ನೆಗಾಗಿ ಚಿತ್ರ ತಯಾರಿಸಿದವರಿಗೆ ನಾವು ಕೃತಜ್ಞರಾಗಿರಬೇಕು. ಕಾವ್ಯವನ್ನು ಕೆಡಿಸಿದರೆಂದು ಗೊಣಗುವ ಪಂಡಿತನು ಆ ಪ್ರಶ್ನೆಯನ್ನು ಹುಟ್ಟಿಸಲಾರದೆ ಹೋಗಿದ್ದನು. ಹುಟ್ಟಿದ ಪ್ರಶ್ನೆಗೆ ಉತ್ತರ ಕೊಡುವ ಹೊಣೆ ಮಾತ್ರ ಚಿತ್ರದ್ದಲ್ಲ, ನಮ್ಮದು.

ಆ ಹೊಣೆಗೆ ಮತ್ತೊಂದು ಸಂದರ್ಭ ಬಾಗಿಲಲ್ಲಿದೆ. ರಾವಣನಿಗೆ ಜಯಕಾರ ಹಾಕಲು ಕಾದಿರುವ ನಮ್ಮ ಹುಡುಗರಿಗೆ, ಕನ್ನಡದಲ್ಲಿ ರಾವಣನ ಮೇಲೆ ಕರುಣೆ ತೋರಿದವರಲ್ಲಿ ನಾವು ಮೊದಲಿಗರಲ್ಲವೆಂದು ತಿಳಿಸಬೇಕು. ನಾಗಚಂದ್ರನು ಎಂಟುನೂರಕ್ಕೂ ಹೆಚ್ಚು ವರ್ಷಗಳ ಹಿಂದೆಯೇ ತನ್ನ ರಾಮಾಯಣದಲ್ಲಿ ರಾವಣನ ಮನಸ್ಸು ತಿಳಿಯಾಗುವುದನ್ನು ಚಿತ್ರಿಸಿದನು. ಸೀತೆಯ ದುಃಖವನ್ನು ಕಂಡು ಅವನು ಪಶ್ಚಾತ್ತಾಪಪಡುತ್ತಾನೆ, ಆದರೂ ಛಲ ಬಿಡದೆ ನಾಶವಾಗುತ್ತಾನೆ. ಕುವೆಂಪು ಅವರ ‘ಶ್ರೀರಾಮಾಯಣದರ್ಶನಂ’ದಲ್ಲಿಯೂ ರಾವಣನಿಗೆ ಉದ್ಧಾರವುಂಟು. ನಮ್ಮ ಕವಿಗಳು ಖಳನನ್ನು ಹಿರಿದುಮಾಡಿದ್ದು ಅವನ ಮೀಸೆಯಿಂದಲೂ ಅಲ್ಲ, ಮಾರ್ಬಲದಿಂದಲೂ ಅಲ್ಲ, ಅವನೊಳಗಿನ ತಳಮಳದಿಂದ. ತೆರೆಯ ಮೇಲಿನ ರಾವಣನಲ್ಲಿ ಆ ತಳಮಳ ಉಂಟೋ ಇಲ್ಲವೋ ಎಂದು ಅಳೆಯುವ ಕೋಲು ಕನ್ನಡದ ಪ್ರೇಕ್ಷಕನ ಕೈಯಲ್ಲಿರಬೇಕು.

ಇದಕ್ಕೆ ದೊಡ್ಡ ಯೋಜನೆಗಳೇನೂ ಬೇಕಾಗಿಲ್ಲ. ತಾಲ್ಲೂಕಿನ ಕಾಲೇಜುಗಳು ವರ್ಷಕ್ಕೊಂದು ದಿನ ‘ಗದಾಯುದ್ಧ’ದ ವಾಚನವನ್ನು ಏರ್ಪಡಿಸಲಿ, ಹಳ್ಳಿಯ ಹಾರ್ಮೋನಿಯಂ ಮೇಷ್ಟರನ್ನು ಅದಕ್ಕೆ ಕರೆಯಲಿ. ಆಳೆತ್ತರದ ಕಟೌಟಿಗೆ ಹಾಲೆರೆಯಲು ಹಣ ಕೂಡಿಸುವ ಅಭಿಮಾನಿ ಸಂಘಗಳು ಅದರಲ್ಲಿ ಒಂದು ಪಾಲನ್ನು ತೆಗೆದಿರಿಸಿ, ತಮ್ಮ ನಾಯಕನು ಅಭಿನಯಿಸಿದ ಕಥೆಯ ಮೂಲಕಾವ್ಯದ ಗದ್ಯಾನುವಾದವನ್ನು ಕೊಂಡು ಊರಿನ ವಾಚನಾಲಯಕ್ಕೆ ಕೊಡಲಿ. ಇದು ನಟನಿಗೂ ಗೌರವ, ಕವಿಗೂ ಗೌರವ. ಕಟೌಟು ಒಂದು ಮಳೆಗೆ ಬಣ್ಣ ಬಿಡುತ್ತದೆ. ಪುಸ್ತಕ ಇನ್ನೊಬ್ಬನ ಕೈಗೆ ಹೋಗುತ್ತದೆ.

ಅರಸನ ಆಶ್ರಯದಲ್ಲಿದ್ದುಕೊಂಡೇ ಅರಸನ ಹಗೆಗಾಗಿ ಮರುಗುವ ಧೈರ್ಯ ರನ್ನನಿಗಿತ್ತು. ಅಭಿಮಾನಿ ದೇವರುಗಳ ಆಶ್ರಯದಲ್ಲಿರುವ ಇಂದಿನ ಚಿತ್ರಕಾರರಿಗೂ ಆ ಧೈರ್ಯ ಬರಬೇಕಾದರೆ ಮೊದಲು ದೇವರುಗಳು ವರ ಕೊಡಬೇಕು. ನಮ್ಮ ನಾಯಕನನ್ನು ಸೋಲಿಸಿ, ಅಳಿಸಿ, ಹಗೆಯ ಮುಂದೆ ಕೈಮುಗಿಸಿ. ನಾವು ಎದ್ದು ಹೋಗುವುದಿಲ್ಲ ಎಂಬುದೇ ಆ ವರ.